ಮಜ್ಜಿಗೆ ಅಜ್ಜಿಯ ಲೋಟಗಳು

ಹಿರಿಯೂರು ಬಸ್ ನಿಲ್ದಾಣದಲ್ಲಿ ಮಜ್ಜಿಗೆ ಮಾರುತ್ತಿದ್ದ ಅಜ್ಜಿ, ಯಾರೇ ಬಂದರೂ "ಮೊದ್ಲು ಮೂಸಿ ನೋಡ್ರಿ" ಎನ್ನುತ್ತಿದ್ದರು. ತಮ್ಮ ಮಜ್ಜಿಗೆಯ ಮೇಲೆ ಅಷ್ಟು ಜಂಬ. ಜನ ಕುಡಿದು ಬಿಸಾಡಿದ ನೀರಿನ ಬಾಟಲಿಗಳನ್ನೇ ತೊಳೆದು, ತುಂಬಿಸಿ, ಬಸ್ಸಿನ ಕಿಟಕಿಗೆ ಚಾಚುತ್ತಿದ್ದರು.

ಒಂದು ಮಧ್ಯಾಹ್ನ, ದಿನಾ ಹೊಸದುರ್ಗದ ಬಸ್ಸು ಹಿಡಿಯುತ್ತಿದ್ದ ನಾನೇ, ಬಿಸಿಲಿಗೆ ಕಾದಿದ್ದ ಮಜ್ಜಿಗೆ ಬಾಟಲಿಯೊಂದನ್ನು ಅವರ ಮೂಗಿಗೆ ಹಿಡಿದೆ. ಅಜ್ಜಿಯ ಮುಖ ಸಣ್ಣದಾಯಿತು.

"ಇದ್ರಾಗೆ ನನ್ ಮಜ್ಜಿಗೆ ಎಲ್ಲೈತಪ್ಪ? ಬರೀ ಪ್ಲಾಸ್ಟಿಕ್ ವಾಸ್ನೆ!"

ಅಂದಿನ ಮಜ್ಜಿಗೆಯೆಲ್ಲ ಮಣ್ಣುಪಾಲಾಯಿತು. ಮರುದಿನ ಮಡಕೆಯ ಪಕ್ಕ ನಾಲ್ಕು ಸ್ಟೀಲ್ ಲೋಟ ಕೂತಿದ್ದವು. ಬಸ್ಸು ಹೊರಟರೆ ಲೋಟದ ಗತಿಯೇನೆಂದು ನನಗೆ ದಿಗಿಲು. ಕಂಡಕ್ಟರ್ ಬಾಯಿಂದ ಸೀಟಿ ತೆಗೆದು ಕೂಗಿದ: "ಬೇಗ ಕುಡೀರಿ, ಅಜ್ಜಿ ಲೋಟ ಇಳಿಯೋತನ್ಕ ಗಾಡಿ ಬಿಡಲ್ಲ!"

ಈಗ ಆ ಜಾಗದಲ್ಲಿ ಸೊಸೆ ಕೂರುತ್ತಾಳೆ. ಹೊಸದುರ್ಗದ ಬಸ್ಸು ಇವತ್ತಿಗೂ ಲೋಟಗಳಿಗಾಗಿ ಕಾಯುತ್ತದೆ.