ಮೇ ತಿಂಗಳಲ್ಲಿ ಇಳಿಸಿ, ಅಕ್ಟೋಬರಿನಲ್ಲಿ ಏರಿಸಿ

ಹದಿನಾಲ್ಕು ವರ್ಷ ಮುಂಬೈಯಲ್ಲಿ ಹಾಯಿದೋಣಿಗಳ ಕೆಲಸ ಮಾಡಿದೆ. ಆದರೂ ಹಾಯಿ ಬಿಚ್ಚಿ ಹೊರಟ ಒಂದು ದೋಣಿಯನ್ನೂ ಹತ್ತಿರದಿಂದ ನೋಡಿರಲಿಲ್ಲ ಎಂದರೆ ಜನ ನಗುತ್ತಾರೆ. ನಗಲಿ, ನನಗೇನು.

ನಾನು ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಫಿಟ್ಟರ್. ಚಳಿಗಾಲ ಪೂರ್ತಿ ಕಬ್ಬು ಅರೆಯುವುದು. ಬೇಸಿಗೆ ಬಂತೆಂದರೆ ಮಿಲ್ ನಿಂತು ನಮ್ಮಂಥವರ ಕೈ ಖಾಲಿ. ದುಡ್ಡಿದ್ದವರು ಮೋಜಿಗೆ ಇಟ್ಟುಕೊಂಡ ಮುಂಬೈ ದೋಣಿಗಳದು ಇದಕ್ಕೆ ಪೂರಾ ಉಲ್ಟಾ. ಮಳೆಗಾಲದ ಸಮುದ್ರಕ್ಕೆ ಹೆದರಿ ಮೇ ತಿಂಗಳಲ್ಲೇ ಅವನ್ನು ದಡಕ್ಕೆಳೆದು, ಹಾಯಿ ಕಟ್ಟುವ ಕಂಬ ಇಳಿಸಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ನಡುವಿನ ತಿಂಗಳುಗಳಲ್ಲಿ ತಳ ಕೆರೆದು ಬಣ್ಣ ಹೊಡೆಯುವುದು. ಅಕ್ಟೋಬರಿನಲ್ಲಿ ಮತ್ತೆ ಕಂಬ ಏರಿಸುವುದು. ಕೊನೆಯ ಕಂಬ ನಿಲ್ಲುವ ಹೊತ್ತಿಗೆ ಊರಿಂದ ಫೋನು ಬರುತ್ತಿತ್ತು: ಬಾಯ್ಲರಿಗೆ ಬೆಂಕಿ ಹಾಕುತ್ತಾರೆ, ಹೊರಡು. ದೋಣಿಗೆ ಹಾಯಿ ಕಟ್ಟುವ ದಿನ ನಾನು ಊರ ಕಡೆಯ ಸೊಲ್ಲಾಪುರದ ರೈಲಿನ ನೂಕುನುಗ್ಗಲಿನಲ್ಲಿ ಒಂಟಿ ಕಾಲ ಮೇಲೆ ನಿಂತಿರುತ್ತಿದ್ದೆ.

ಕಂಬ ಏರಿಸುವುದು ಇಬ್ಬರ ಕೆಲಸ. ನನ್ನ ಜೊತೆಗಾರ ಕೊಂಕಣದ ಒಬ್ಬ ಮುದುಕ. ಬುಡದಲ್ಲಿ ಇರುವುದು ಒಂದೇ ಬೋಲ್ಟು. ಅದರ ಮೇಲೆ ತಿರುಗಿ ಇಪ್ಪತ್ತೈದು ಅಡಿಯ ಅಲ್ಯೂಮಿನಿಯಂ ಕಂಬ ಎದ್ದು ನಿಲ್ಲಬೇಕು. ನಾನು ಅದನ್ನು ಹೆಗಲ ಮೇಲೆ ಹೊತ್ತು ಹೆಜ್ಜೆ ಹೆಜ್ಜೆಯಾಗಿ ಬುಡದ ಕಡೆ ನಡೆಯುತ್ತಿದ್ದೆ. ಅವನು ದೋಣಿಯ ಮೂತಿಯಲ್ಲಿ ನಿಂತು, ಕಂಬದ ತುದಿಗೆ ಕಟ್ಟಿದ ಮುಂದಿನ ತಂತಿ ಎಳೆಯುತ್ತಿದ್ದ. ನನ್ನದು ಬಿಸ್ಮಿಲ್ಲಾ, ಅವನದು ಅವನೂರ ದೇವಿಯ ಹೆಸರು. ತಂತಿ ಬಿಗಿಯಾಗಿ ಪಿನ್ನು ಕೂರುವ ತನಕ ಕಂಬ ಒಂದಿಷ್ಟು ವಾಲಿದರೂ ಕೆಳಗಿದ್ದವನ ಕಥೆ ಮುಗಿಯಿತು. ಹಾಗಾಗಿ ಕಣ್ಣು ಯಾವಾಗಲೂ ಬುಡದ ಮೇಲೆ, ಎರಡೂ ಕೈ ಕಂಬದ ಮೇಲೆ.

ಊರಿಗೆ ಬಂದರೆ ಮನಸ್ಸು ಅಲ್ಲೇ ಇರುತ್ತಿತ್ತು. ಮಿಲ್ಲಿನ ಗದ್ದಲದಲ್ಲಿ ಸ್ಪ್ಯಾನರ್ ಹಿಡಿದುಕೊಂಡು, ಈಗ ನಾನು ಕೊನೆಗೆ ಕಂಬ ಏರಿಸಿದ ಆ ನೀಲಿ ದೋಣಿ ಹೊರಟಿರಬಹುದು, ನನ್ನ ಕಂಬದ ಹಾಯಿಗೆ ಗಾಳಿ ತುಂಬಿರಬಹುದು ಎಂದು ನೆನೆಯುತ್ತಿದ್ದೆ. ಹಾಯಿ ಏರಿದ ಮೇಲೆ ಅದು ಹೇಗೆ ಕಾಣುತ್ತದೆ ಎಂದು ಹೆಂಡತಿ ಪ್ರತಿ ವರ್ಷ ಕೇಳುವಳು. ಗೊತ್ತಿಲ್ಲ ಎಂದು ಪ್ರತಿ ವರ್ಷ ಹೇಳುವೆ. ಅವಳು ಸರಸಂಬಾ ಎಂಬ ಹಳ್ಳಿಯವಳು, ಕಂಡ ದೊಡ್ಡ ನೀರೆಂದರೆ ಅಮರ್ಜಾ ಡ್ಯಾಮು. ಮನೆಯೊಳಗೆ ನಮ್ಮದು ಉರ್ದು, ಸಿಟ್ಟು ಬಂದರೆ ಮಾತ್ರ ಅವಳ ಬಾಯಿಗೆ ಕನ್ನಡ ಬರುತ್ತದೆ.

ಒಂದು ವರ್ಷ ಊರ ಕಡೆ ಮಳೆ ಹಿಂದೆ ಸರಿಯಲೇ ಇಲ್ಲ. ಕಬ್ಬಿನ ಹೊಲಕ್ಕೆ ಗಾಡಿ ಇಳಿಯದೆ ಕಾರ್ಖಾನೆ ಹದಿನೈದು ದಿನ ತಡವಾಯಿತು. ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎಂದು ಹೆಂಡತಿಯನ್ನು ಮುಂಬೈಗೆ ಕರೆಸಿದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹೊತ್ತು ಬಂದಳು. ನೀಲಿ ದೋಣಿಯ ಮಾಲೀಕರು ನಿವೃತ್ತ ಡಾಕ್ಟರು. ದಡದಲ್ಲಿ ನಾವಿಬ್ಬರೂ ಬಾಯಿ ಬಿಟ್ಟು ನಿಂತದ್ದನ್ನು ಕಂಡು, ಹತ್ತಿ, ಒಂದು ಸುತ್ತು ಹೋಗಿ ಬರೋಣ ಎಂದರು. ಹೆಂಡತಿಯನ್ನು ಮೊದಲು ಹತ್ತಿಸಿ ಹಿಂದೆಯೇ ನಾನೂ ಹತ್ತಿದೆ.

ಮಧ್ಯಾಹ್ನದ ಗಾಳಿ ಎದ್ದಿತು. ಹಾಯಿ ಪಟಪಟ ಬಡಿಯುತ್ತ ಮೇಲೇರುವ ಸದ್ದು ಕೇಳಿ ತಲೆ ಎತ್ತಬೇಕೆನ್ನುವಷ್ಟರಲ್ಲಿ ಗಾಳಿ ತುಂಬಿ ದೋಣಿ ಒಂದು ಮಗ್ಗುಲಿಗೆ ವಾಲಿತು. ಹಾಯಿದೋಣಿ ವಾಲಿಕೊಂಡೇ ಓಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಬಲ್ಲ ಕಂಬ ವಾಲಿತೆಂದರೆ ಬಿದ್ದಂತೆಯೇ. ದಡಬಡ ಎದ್ದು ಹೋಗಿ ಬುಡದಲ್ಲಿ ಮಂಡಿಯೂರಿ ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ. ಡಾಕ್ಟರು ನಕ್ಕರು, ಅದು ನಿಲ್ಲುತ್ತದೆ, ಬಾ ಕೂತುಕೋ ಎಂದರು. ಹಿಂದಿನಿಂದ ಹೆಂಡತಿಯ ದನಿ ಬಂತು, ಕನ್ನಡದಲ್ಲಿ.

"ಕೈ ಬಿಡ್ರಿ, ಅದು ಬೀಳಂಗಿಲ್ಲ. ಒಮ್ಮಿ ಮ್ಯಾಲ ನೋಡ್ರಿ."

ಕೇಳಿಸಿತು. ಆದರೆ ಕೈ ನನ್ನ ಮಾತು ಕೇಳಲಿಲ್ಲ. ಯಾವ ತಂತಿ ಎಷ್ಟು ಸವೆದಿದೆ, ಯಾವ ಪಿನ್ನು ಹಳೆಯದು ಎಂಬುದೆಲ್ಲ ತಲೆಯಲ್ಲಿ ಓಡುತ್ತಿತ್ತು. ಮೇಲಾಗಿ ದೋಣಿಯಲ್ಲಿ ಅವಳು ಕೂತಿದ್ದಳು. ಒಂದು ತಾಸು ಬೋಲ್ಟನ್ನೇ ನೋಡುತ್ತ ಉಳಿದೆ. ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ದಡ ಬಂದಿತ್ತು, ಹಾಯಿ ಸುತ್ತಿಯಾಗಿತ್ತು.

ಮುಂದಿನ ಮೇ ತಿಂಗಳಲ್ಲಿ, ವರ್ಷಗಟ್ಟಲೆ ಕಂಬ ಹೊತ್ತ ಹೆಗಲು ಸೋತು, ನನ್ನ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೇಳಲಿಲ್ಲ. ಕೊಂಕಣದ ಮುದುಕ ಹೆಗಲು ಒತ್ತಿ ನೋಡಿ, ಇನ್ನು ಊರಲ್ಲೇ ಇರು ಎಂದ. ಕಾರ್ಖಾನೆಯಲ್ಲಿ ಹಗುರವಾದ ಕೆಲಸ ಕೊಟ್ಟಿದ್ದಾರೆ. ಮುಂಬೈ ಅಲ್ಲಿಗೆ ಮುಗಿಯಿತು.

ಅಂದಿನಿಂದ ಹೆಂಡತಿಯನ್ನು ಕೇಳುವ ಸರದಿ ನನ್ನದಾಯಿತು. ಸಂಜೆ ಚಹಾ ಕುಡಿಯುವಾಗ ಹಾಯಿ ಹೇಗಿತ್ತು ಎನ್ನುತ್ತಿದ್ದೆ. ಅವಳು ಬೇಸರಿಸದೆ ಹೇಳುತ್ತಿದ್ದಳು. ಪೂರಾ ಬಿಳಿಯಲ್ಲ, ಹಾಲಿನ ಕೆನೆಯಂಥ ಬಣ್ಣ. ಬಿಸಿಲು ಆರಪಾರ ಹಾಯುತ್ತಿತ್ತು. ಒಂದು ಹಕ್ಕಿ ತುದಿಯ ಸುತ್ತ ತಿರುಗುತ್ತಿತ್ತು. ಮರುದಿನ ಅದು ಎರಡು ಹಕ್ಕಿಯಾದರೂ ನಾನು ಕೊಸರಾಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದೆ.

ಹೋದ ವಾರ ಮತ್ತೆ ಕೇಳಿದೆ. ಹಾಯಿಯ ಅಂಚಿಗೆ ಪಟ್ಟಿ ಇತ್ತೇ, ಯಾವ ಬಣ್ಣದ್ದು? ಅವಳು ಚಹಾದ ಕಪ್ಪು ಕೆಳಗಿಟ್ಟಳು.

"ನಾ ಹಾಯಿ ಎಲ್ಲಿ ನೋಡೀನ್ರಿ? ನೀವು ನೀರಾಗ ಬೀಳ್ತೀರಿ ಅಂತ ಹೊಳ್ಳಿ ಬರೋತನಾ ನಿಮ್ಮನ್ನೇ ನೋಡ್ಕೋತ ಕುಂತಿದ್ದೆ."

ಅಂದರೆ ಆ ಹಾಯಿಯನ್ನು ನಮ್ಮಿಬ್ಬರಲ್ಲಿ ಯಾರೂ ನೋಡಿಲ್ಲ. ನನಗೆ ಈಗ ಅದನ್ನು ನೋಡುವ ಆಸೆ ಮೊದಲಿಗಿಂತ ಹೆಚ್ಚಾಗಿದೆ, ಅವಳ ಪಕ್ಕದಲ್ಲಿ ಕೂತು, ಏನನ್ನೂ ಹಿಡಿದುಕೊಳ್ಳದೆ.