ದೊಡ್ಡಮ್ಮ ಹೆಪ್ಪು ಕೊಡುವುದನ್ನು ನಿಲ್ಲಿಸಿದ್ದು

ದೊಡ್ಡಮ್ಮ ಕೈ ಎತ್ತಿದರೆ ಹಸಿರು ಗಾಜಿನ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಬಳೆಗಳು ದೊಡ್ಡವಾಗಿರಲಿಲ್ಲ, ಕೈ ಸಣ್ಣಗಾಗುತ್ತಾ ಹೋಗಿತ್ತು. ನನ್ನ ಅಮ್ಮನ ಅಕ್ಕ ಅವಳು. ಒಂಟಿಕೊಪ್ಪಲಿನಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಅವಳ ಮನೆ. ಯಾರ ಮನೆಗೆ ಹೋದರೂ ಬಚ್ಚಲು ಯಾವ ಕಡೆ ಎಂದು ಮೊದಲು ಕಣ್ಣಲ್ಲೇ ಹುಡುಕಿಕೊಳ್ಳುತ್ತಿದ್ದಳು. ದಸರೆಗೆ ನಾವೆಲ್ಲ ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡಲು ಹೊರಟರೆ, "ನೀವೋಗ್ಬನ್ನಿ, ನಂಗೆ ಆ ಧೂಳು ಆಗಲ್ಲ" ಎನ್ನುತ್ತಿದ್ದಳು. ಧೂಳು ನೆಪವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ತೊಂಬತ್ತರ ದಶಕದ ಆರಂಭದಲ್ಲಿ ಆ ರಸ್ತೆಯ ಅರ್ಧ ಮನೆಗಳ ಹಾಲು ಹೆಪ್ಪಾಗುತ್ತಿದ್ದುದು ಅವಳ ಮೊಸರಿನಿಂದ. ದೀಪ ಹಚ್ಚುವ ಮೊದಲೇ ಲೋಟ ಹಿಡಿದು ಬರಬೇಕು, ಹಚ್ಚಿದ ಮೇಲೆ ಕೇಳಿದರೆ ಕೊಡುತ್ತಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಮೊಸರನ್ನ ಕಲಸಿ, ತುತ್ತಿನ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲೊಂದು ಹನಿ ಗೊಜ್ಜು ಇಟ್ಟು ನನ್ನ ಬಾಯಿಗೆ ಹಾಕುತ್ತಿದ್ದಳು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಇದೆಲ್ಲ ಒಂದೇ ವಾರದಲ್ಲಿ ನಿಂತಿತು. ಲೋಟ ಹಿಡಿದು ಬಂದ ಪಕ್ಕದ ಮನೆಯಾಕೆಗೆ, "ಹೆಪ್ಪು ಕೆಟ್ಟೋಯ್ತು ಕಣಮ್ಮ" ಎಂದಳು. ನಾಲ್ಕು ದಿನ ಅದೇ ಉತ್ತರ ಕೇಳಿದ ಆಕೆ, "ಏನ್ರೀ, ನಿಮ್ ಮೊಸರಿಗೂ ಜಂಬ ಬಂದ್ಬುಡ್ತಾ?" ಎಂದು ಚುಚ್ಚಿದರು.

"ಬಂದ್ಬುಡ್ತು ಕಣ್ರೀ, ಏನ್ಮಾಡೋದು" ಎಂದು ದೊಡ್ಡಮ್ಮ ನಕ್ಕಳು.

ತನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡಳು. ನನಗೆ ಚಮಚದಲ್ಲಿ ಬಡಿಸಿ, "ಇನ್ಮೇಲೆ ನೀನೇ ತಿನ್ನು" ಎಂದಳು. ಅವಳಿಗೆ ನಾನು ಬೇಡವಾದೆ ಎಂದುಕೊಂಡೆ. ಹೋಗುವುದನ್ನು ಕಡಿಮೆ ಮಾಡಿದೆ. ಅವಳೂ ಕರೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಟ್ಟಗಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಿಂದ ಎರಡು ಸಲ ಎದ್ದು ಹೋದೆ. ಎರಡನೆಯ ಸಲ ಬಚ್ಚಲಿನ ಬಾಗಿಲು ತೆರೆದಾಗ ಎದುರಿಗೆ ದೊಡ್ಡಮ್ಮ ನಿಂತಿದ್ದಳು.

"ರಕ್ತ ಬೀಳ್ತಿದ್ಯಾ?"

ನಾನು ಯಾರಿಗೂ ಹೇಳಿರಲಿಲ್ಲ. ತಲೆಯಾಡಿಸಿದೆ.

"ಎಷ್ಟು ದಿನದಿಂದ?"

"ಎರಡು ತಿಂಗಳು."

ಅವಳು ಗೋಡೆಗೆ ಕೈ ಊರಿದಳು. "ಅಷ್ಟು ದೂರ ಇಟ್ಟಿದ್ನಲ್ಲೇ ನಿನ್ನ" ಎಂದಳು. ಆಗ ನನಗೆ ಅರ್ಥವಾಗಲಿಲ್ಲ.

ಮಾರನೆಯ ದಿನವೇ ತನ್ನ ವೈದ್ಯರ ಬಳಿಗೆ ಕರೆದೊಯ್ದಳು. ಪರೀಕ್ಷೆಗಳಾದವು. ಅವಳಿಗಿದ್ದ ದೊಡ್ಡ ಕರುಳಿನ ಉರಿಯೂತವೇ ನನಗೂ ಶುರುವಾಗಿತ್ತು.

"ನನ್ನ ಕೈಯಿಂದ ಅಂಟ್ತಾ ಡಾಕ್ಟ್ರೇ?" ಎಂದು ಕೇಳಿದಳು. "ಹಿಂದೆ ಒಬ್ರು ಡಾಕ್ಟ್ರು ಕರುಳಲ್ಲಿರೋ ಕ್ರಿಮಿ ವಿಷಯ ಏನೋ ಹೇಳಿದ್ರು. ಅವತ್ತಿಂದ ಹೆಪ್ಪು ಸಮೇತ ಯಾರಿಗೂ ಕೊಟ್ಟಿಲ್ಲ. ಇವಳಿಗೆ ತುತ್ತು ಇಟ್ಟಿಲ್ಲ."

ವೈದ್ಯರು ಪೆನ್ನು ಕೆಳಗಿಟ್ಟರು. "ಆ ಕ್ರಿಮಿಗಳು ಎಲ್ಲರ ಕರುಳಲ್ಲೂ ಇರ್ತವೆ ಅಮ್ಮ. ಬಹಳಷ್ಟು ನಮಗೆ ಬೇಕಾದವೇ. ಕೆಲವರ ಮೈ ಅವನ್ನೇ ಶತ್ರು ಅಂದ್ಕೊಂಡು ಕಾದಾಡುತ್ತೆ, ಕರುಳು ಹುಣ್ಣಾಗುತ್ತೆ. ಹಾಗೆ ಕಾದಾಡೋ ಗುಣ ವಂಶದಲ್ಲಿ ಬರಬಹುದು, ಬರದೇನೂ ಇರಬಹುದು. ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಆದ್ರೆ ಕೈಯಿಂದ, ಮೊಸರಿಂದ ಇದು ಅಂಟಲ್ಲ."

"ಅಂದ್ರೆ ಆಗ ಉಣ್ಣಿಸಿದ್ರೂ ಏನೂ ಆಗ್ತಿರ್ಲಿಲ್ಲ?"

"ಇಲ್ಲಮ್ಮ."

ಅವಳು ಬೆರಳು ಮಡಿಚಿ ಎಣಿಸಿದಳು. "ಹನ್ನೊಂದು ವರ್ಷ" ಎಂದಳು.

ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹೊರಗೆ ಬಂದವಳು ಎದುರಿನ ಹೋಟೆಲಿಗೆ ನಡೆದಳು. ಒಂದು ಪ್ಲೇಟ್ ಮೊಸರನ್ನ ಹೇಳಿದಳು. ಎದ್ದು ಕೈ ತೊಳೆದು ಬಂದಳು. ಚಮಚ ಬದಿಗಿಟ್ಟು ಕಲಸಿ, ತುತ್ತು ಮಾಡಿ ನನ್ನ ಮುಖದ ಹತ್ತಿರ ಹಿಡಿದಳು. "ಆ ಅನ್ನು."

ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗರಿದ್ದರು. "ಬಿಡು ದೊಡ್ಡಮ್ಮ, ಜನ ನೋಡ್ತಿದ್ದಾರೆ" ಎಂದೆ.

"ಹೌದಲ್ವಾ" ಎಂದಳು. ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟು, ಪ್ಲೇಟನ್ನು ನನ್ನ ಕಡೆ ತಳ್ಳಿದಳು.

ಮುಂದಿನ ಆಷಾಢದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯ ನಂತರ ದೊಡ್ಡಮ್ಮ ತೀರಿಕೊಂಡಳು. ನನ್ನದು ಬೇಗ ಗೊತ್ತಾದ್ದರಿಂದ ಔಷಧಿಯಲ್ಲೇ ಹತೋಟಿಗೆ ಬಂತು. ಅವಳು ಅಂದು ಬಾಗಿಲ ಬಳಿ ಕಾದು ನಿಲ್ಲದಿದ್ದರೆ ನಾನು ಇನ್ನೆಷ್ಟು ದಿನ ಮುಚ್ಚಿಡುತ್ತಿದ್ದೆನೋ. ಹೊಸ ವೈದ್ಯರು ಯಾರೇ ಆಗಲಿ, ಕುಟುಂಬದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾರೆ. ದೊಡ್ಡಮ್ಮನಿಗಿತ್ತು ಎನ್ನುತ್ತೇನೆ. ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾನು ಮಾತ್ರ ಆ ಹೋಟೆಲಿನ ಮೇಜಿನ ಮುಂದೆಯೇ ಕೂತಿರುತ್ತೇನೆ, ಬಾಯಿ ತೆರೆಯದೆ.