ಮಾಸ್ತರರ ಕೈಯಲ್ಲಿ ನಮ್ಮನೆ ಕೀಸುಳಿ

ಭಟ್ಕಳದಿಂದ ಕುಮಟೆ ತನಕ ಮರಗೆಲಸ ಬಲ್ಲವರು ಲಕ್ಷ ಜನ ಇದ್ದಾರು. ಆದ್ರೆ ಮೊಳೆ ಹೊಡೆಯೂಕೆ ಮುಂಚೆ ಆ ಮೊಳೆ ಹತ್ರನೇ ಅಪ್ಪಣೆ ಕೇಳುವವರು ಒಬ್ರೇ, ನಮ್ಮ ಹೊನ್ನಾವರದ ಕೇರಿಯ ಶ್ರೀ ರಮಾನಂದ ಮಾಸ್ತರರು. ಭಟ್ಕಳದಲ್ಲಿ ಎಂಟು ವರ್ಷ, ಕುಮಟೆಯಲ್ಲಿ ಇಪ್ಪತ್ಮೂರು ವರ್ಷ ಐಟಿಐ ಮಕ್ಕಳಿಗೆ ಮರಗೆಲಸ ಕಲಿಸಿ ಈ ತಿಂಗಳು ನಿವೃತ್ತರಾದ್ರು. ಅವರ ಈ ಅಭಿನಂದನೆ ಪುಸ್ತಕದಲ್ಲಿ ದೊಡ್ಡ ದೊಡ್ಡವರೆಲ್ಲ ಅವರನ್ನ ಹೊಗಳಿ ಬರೀತಾರೆ. ನಾನು ಮೂರನೇ ಕ್ಲಾಸು ಕಲ್ತವಳು. ಒಂಬತ್ತು ವರ್ಷ ಅವರನ್ನ ಕಳ್ಳ ಅಂತ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಊರಿಗೆಲ್ಲ ಹೇಳ್ಕಂಡು ತಿರುಗಿದ್ದೆ. ಆ ಮಾತು ಅಳಿಸೂಕೇ ಇದನ್ನ ಬರೀತೆ.

ನಮ್ಮನೆಯವರು ಹೊಳೆಯಾಚೆ ಕಾಸರಕೋಡಿನಲ್ಲಿ ದೋಣಿ ಕಟ್ಟುವ ಆಚಾರಿ. ಅವರು ಕಟ್ಟಿದ ದೋಣಿ ಕಂಡ್ರೆ ಸಮುದ್ರವೇ ಪಕ್ಕಕ್ಕೆ ಸರಿದು ದಾರಿ ಬಿಡ್ತಿತ್ತು. ಅವರು ತೀರಿಹೋದ ವರ್ಷದ ಮಳೆಗೆ ನಮ್ಮ ಎದುರು ಬಾಗಿಲು ಉಬ್ಬಿ ಕೂತು, ಆನೆ ಕಟ್ಟಿ ಎಳೆದ್ರೂ ಬರುವ ಹಾಗಿರ್ಲಿಲ್ಲ. ಮಾಸ್ತರರು ಕರೆಯದೇ ಬಂದ್ರು. ನಂಗೆ ಆಗಲೇ ಅನುಮಾನ. ಕರೆಯದೇ ಬರೂದು ಒಂದು ಬೆಕ್ಕು, ಇನ್ನೊಂದು ಸಾಲ ಕೇಳುವವ.

ಚೌಕಟ್ಟಿಗೆ ಸೀಮೆಸುಣ್ಣ ತಿಕ್ಕಿ ಬಾಗಿಲು ಮುಚ್ಚಿ ತೆಗೆದ್ರು. ಬಾಗಿಲಿಗೆ ಎಲ್ಲಿ ಬಿಳಿ ಹತ್ತಿತೋ ಅಲ್ಲೇ ಹಿಡಿಯೂದು ಅಂದ್ರು. ಅಲ್ಲಿಗೆ ಮೇಣಬತ್ತಿ ತಿಕ್ಕಿದ್ರು, ಆತು.

"ಕೀಸೂದಿಲ್ವಾ ಮಾಸ್ತರ್ರೇ?"

"ಮಳೆಗಾಲದಲ್ಲಿ ಕೀಸೂಕಾಗ್ದು ಹೊನ್ನಕ್ಕ. ಈಗ ಕೀಸಿದ್ರೆ ಬೇಸಿಗೇಲಿ ಮರ ಒಣಗಿ, ಸಂದಿಯಿಂದ ನಾಯಿ ಒಳಗೆ ಬತ್ತದೆ."

"ಬರ್ಲಿ ಬಿಡಿ, ಕಾವಲಿಗಾತು."

ನಗಾಡಿದ್ರು. ಚಾ ಸಹ ಕುಡೀಲಿಲ್ಲ. ಚಾ ಕುಡಿಯದೇ ಕೆಲಸ ಮಾಡುವವನನ್ನ ನಂಬೂದು ಹ್ಯಾಂಗೆ?

ಅದೇ ಮಳೇಲಿ ನನ್ನ ಹಸಿರು ಬಕೇಟು ಸೀಳಿತು. ಮಾಸ್ತರರು ಹಳೇ ಚಾಕು ಕಾಯಿಸಿ, ಒಂದು ಪ್ಲಾಸ್ಟಿಕ್ ಚೂರು ಕರಗಿಸಿ ಸೀಳಿಗೆ ಬೆಸೆದ್ರು. ಬೆಸೆಯುವಾಗ ಕೇಳಿದ್ರು, "ಬಕೇಟು ಎಲ್ಲಿಂದ ತಂದದ್ದು?" ಗುಜರಿ ಹೆಕ್ಕುವ ಶನಿಯಾರನಿಗೆ ಮನೇಲಿದ್ದ ತುಕ್ಕು ಕಬ್ಬಿಣ ಕೊಟ್ಟು ತಕಂಡದ್ದು ಅಂದೆ. ಅವರ ಮುಖ ಸಣ್ಣ ಆಯ್ತು. ಆ ಮಳೇಲೇ ಎದ್ದು ಹೋದ್ರು. ಬಕೇಟಿನ ಬಗೆಗೆ ಇವರಿಗೆಂತ ಪಂಚಾತಿಗೆ ಅಂತ ನಂಗೆ ಮೂರು ದಿನ ನಿದ್ದೆ ಇಲ್ಲ.

ಎಂಟು ದಿನ ಆದ್ಮೇಲೆ ಪಕ್ಕದ ಮಂಗಲಾನ ಮನೇಲಿ ಮಾಸ್ತರರು ಕಪಾಟು ಕೀಸ್ತಿದ್ರು. ಕೈಯಲ್ಲಿದ್ದದ್ದು ನಮ್ಮನೆಯವರ ಕೀಸುಳಿ! ಮೂವತ್ತು ವರ್ಷ ಅವರ ಹೆಬ್ಬೆರಳು ಕೂತು ಕೂತು ಮರದಲ್ಲಿ ಕುಳಿ ಬಿದ್ದ ಕೀಸುಳಿ ಅದು. ನಾನು ಸಾವಿರ ಕೀಸುಳಿ ಮಧ್ಯ ಕಣ್ಣು ಮುಚ್ಚಿ ಹೆಕ್ತೆ. ಕೇಳೂಕೆ ಬಾಯಿ ಬರ್ಲಿಲ್ಲ. "ನಿಮ್ಮ ಯಜಮಾನ್ರೇ ಕೊಟ್ಟದ್ದು" ಅಂದ್ಬಿಟ್ರೆ ಸತ್ತವರ ಹತ್ರ ಹೋಗಿ ಕೇಳೂದಾ? ಮಾಸ್ತರರಿಗೆ ಹೇಳ್ಲಿಲ್ಲ. ಉಳಿದವರಿಗೆಲ್ಲ ಹೇಳಿದೆ.

ಬೇಸಿಗೇಲಿ ನಮ್ಮ ಬಾಗಿಲು ಕೀಸೂಕೆ ಬಂದ್ರು. ತಂದದ್ದು ಬೇರೆ ಕೀಸುಳಿ! ಕಳ್ಳನ ಬುದ್ಧಿ ನೋಡಿ ಅಂದ್ಕಂಡೆ. ಅದೂ ಪೂರ್ತಿ ಕೀಸ್ಲಿಲ್ಲ, ಒಂದೇ ಒಂದು ಸಿಪ್ಪೆ ತೆಗೆದು "ಉಳಿದದ್ದು ಮುಂದಿನ ವರ್ಷ" ಅಂದ್ರು. ಮತ್ತೆ ಬರೂಕೆ ನೆವ ಇಟ್ಕಂಡ್ರು ಅಂತ ನನ್ನ ತೀರ್ಮಾನ.

ಆದ್ರೆ ಹೇಳ್ಬೇಕು, ಬಂದಾಗೆಲ್ಲ ಏನಾದ್ರೂ ಕಲಿಸಿಯೇ ಹೋಗ್ತಿದ್ರು. ಮೊಳೆಯ ಮೂತಿ ಜಜ್ಜಿ ಮೊಂಡು ಮಾಡಿ ಹೊಡೀರಿ, ಮರ ಸೀಳೂದಿಲ್ಲ ಅಂದ್ರು. ನನ್ನ ಮೊಳೆ ಹಾಳು ಮಾಡುವ ಉಪಾಯ ಅಂತ ಬೇಕಂತ್ಲೇ ಚೂಪು ಮೊಳೆ ಹೊಡೆದೆ. ಹಲಗೆ ಎರಡಾಯ್ತು. ಮೊಂಡು ಮೊಳೆ ಹೊಡೆದೆ, ಬೆಣ್ಣೆಗೆ ಹೋದ ಹಾಗೆ ಹೋತು. ಬೆರಳು ಜಜ್ಜಬಾರದು ಅಂದ್ರೆ ಮೊಳೆಯನ್ನ ಬಾಚಣಿಗೆ ಹಲ್ಲಲ್ಲಿ ಹಿಡೀರಿ. ಬಾಗಿಲ ಬಿಜಾಗ್ರಿ ತಿರುಪು ಸಡಿಲಾದ್ರೆ ತೂತಿಗೆ ಪೊರಕೆಯ ಹಿಡಿಕಡ್ಡಿ ಮುರಿದು ಗೋಂದು ಹಾಕಿ ತುರುಕಿ, ಮತ್ತೆ ತಿರುಪು ಬಿಗೀರಿ. ನಮ್ಮ ಕಡಲ ಗಾಳಿ ಕಬ್ಬಿಣವನ್ನ ಬೆಲ್ಲದ ಹಾಗೆ ತಿಂತದೆ, ಅದಕ್ಕೆ ಹತ್ಯಾರದ ಪೆಟ್ಟಿಗೇಲಿ ಒಂದು ಚೂರು ಕರ್ಪೂರ ಇಡಿ ಅಂದ್ರು. ಒಂದೊಂದೂ ಖರೆ ಆಗ್ತಾ ಹೋದಷ್ಟೂ ನನ್ನ ಅನುಮಾನ ಬೆಳೀತು. ಕಾರಣ ಇಲ್ದೇ ಯಾರೂ ಇಷ್ಟು ಒಳ್ಳೆಯವರಾಗಿ ಇರೂದಿಲ್ಲ.

ಹೋದ ವರ್ಷದ ಆಯುಧ ಪೂಜೆಗೆ ಅವರ ಶೆಡ್ಡಿಗೆ ಹೋದೆ. ಆ ದಿನ ಇದ್ದಬದ್ದ ಹತ್ಯಾರ ಎಲ್ಲ ದೇವರ ಎದುರು ಇಡ್ಬೇಕು, ಒಂದನ್ನೂ ಅಡಗಿಸೂಕಾಗ್ದು. ನಾನು ಹೋದದ್ದು ಪ್ರಸಾದಕ್ಕಲ್ಲ, ತಪಾಸಣೆಗೆ. ಕೀಸುಳಿ ಎಲ್ಲಕ್ಕಿಂತ ಮುಂದೆ, ದಾಸವಾಳ ಮುಡಿದು ಕೂತಿತ್ತು! ಎತ್ತಿ ಹಿಡಿದು ಇಡೀ ಕೇರಿಯ ಎದುರು ಕೇಳಿದೆ, "ಮಾಸ್ತರ್ರೇ, ಇದು ಯಾರದ್ದು?"

ಮಾಸ್ತರರು ತಲೆ ತಗ್ಗಿಸಿದ್ರು. ಬಾಯ್ತುಂಬ ಪಂಚಕಜ್ಜಾಯ ತುಂಬ್ಕಂಡಿದ್ದ ಶನಿಯಾರ ಮಾತಾಡಿದ.

"ಮರ್ತು ಹೋತಾ ಹೊನ್ನಕ್ಕ? ಹಸಿರು ಬಕೇಟು ತಕಂಡು ತುಕ್ಕು ಕಬ್ಬಿಣದ ಚೀಲ ಕೊಟ್ಟದ್ದು ನೀವೇ ಅಲ್ದ? ಅದರೊಳಗೆ ಇತ್ತಲ್ಲ ಇದು! ಮಾಸ್ತರ್ರು ಜೋರು ಮಳೇಲಿ ಓಡಿ ಬಂದು, ನನ್ನ ಗುಜರಿ ರಾಶಿಗೆ ತಲೆ ಹಾಕಿ, ಹುಡುಕಿ ತಕಂಡು ಹೋದ್ರು."

ನನ್ನ ಕಾಲ ಕೆಳಗಿನ ನೆಲ ಶರಾವತಿಗೆ ಹೋತು. ಹೌದು. ನಮ್ಮನೆಯವರು ತೀರಿಹೋದ ತಿಂಗಳು ಅವರ ಹತ್ಯಾರದ ಆ ಚೀಲ ಕಣ್ಣಿಗೆ ಬಿದ್ರೆ ಅನ್ನ ಇಳೀತಿರ್ಲಿಲ್ಲ. ಕಟ್ಟಿದ ಬಾಯಿ ಬಿಚ್ಚಿ ನೋಡದೇ ಎತ್ತಿ ಕೊಟ್ಟಿದ್ದೆ.

"ಮೊದಲೇ ಹೇಳೂಕೆ ಎಂತ ಆಗಿತ್ತು?" ಅಂತ ಮಾಸ್ತರರನ್ನೇ ಗದರಿದೆ.

"ಹೇಳಿದ್ರೆ ಅಳ್ತಿದ್ರಿ ಹೊನ್ನಕ್ಕ. ನನ್ನನ್ನ ಕಳ್ಳ ಅಂತ ಬೈಯುವಾಗ ನಿಮ್ಮ ದನಿ ಕಾಸರಕೋಡಿಗೆ ಕೇಳ್ತಿತ್ತು. ಅಳೂದಕ್ಕಿಂತ ಅದೇ ಚಲೋ ಅನಿಸ್ತು. ಹತ್ಯಾರ ಸುಮ್ಮನೆ ಇಟ್ರೆ ತುಕ್ಕು ಹಿಡೀತದೆ ಅಂತ ನಾನು ಕೆಲಸಕ್ಕೆ ಹಚ್ಚಿದೆ, ಅಷ್ಟೇ."

ಕೀಸುಳಿ ನನ್ನ ಕೈಗೇ ಕೊಟ್ರು. ಈ ಬೇಸಿಗೇಲಿ ಬಾಗಿಲು ಕೀಸಿದ್ದು ನಾನು. ಹೆಬ್ಬೆರಳು ಆ ಕುಳಿಯಲ್ಲಿ ಇಟ್ಟೆ. ಮಾಸ್ತರರು ಬದಿಗೆ ನಿಂತು "ಮರದ ಎಳೆ ಹೋದ ಕಡೆಗೇ ನೂಕಿ" ಅಂದ್ರು. ಗರಿಯ ಹಾಗೆ ಒಂದು ಸಿಪ್ಪೆ ಸುರುಳಿ ಸುತ್ತಿ ಬಂತು. ಇನ್ನೊಂದು ತೆಗೆಯೂಕೆ ಹೊರಟವಳು ನಾನೇ ನಿಲ್ಲಿಸಿದೆ. ಉಳಿದದ್ದು ಮುಂದಿನ ವರ್ಷಕ್ಕೆ ಇರ್ಲಿ.

ಕೇರಿಯವರು, ಕುಮಟೆ ಭಟ್ಕಳದವರು ಎಲ್ಲ ಕೇಳಿ. ಮಾಸ್ತರರು ಕಳ್ಳರಲ್ಲ. ನಾನು ಬಾಯಲ್ಲಿ ಹೇಳಿದ್ದು ಸುಳ್ಳು, ಇಲ್ಲಿ ಅಚ್ಚಾದದ್ದು ಖರೆ. ನಮ್ಮ ಬಾಗಿಲು ಮೂರು ಅಡಿ ಅಗಲ ಅದೆ. ವರ್ಷಕ್ಕೆ ಒಂದು ಸಿಪ್ಪೆಯಂತೆ ಕೀಸಿದ್ರೆ ಸಾವಿರ ವರ್ಷ ಬತ್ತದೆ. ಅಷ್ಟೂ ವರ್ಷ ರಮಾನಂದ ಮಾಸ್ತರರು ಗಟ್ಟಿಮುಟ್ಟಾಗಿ ಇರ್ಲಿ, ಪ್ರತಿ ಬೇಸಿಗೆಗೂ ಕರೆಯದೇ ಬರ್ಲಿ. ಕೀಸುಳಿ ನಮ್ಮನೇಲೇ ಅದೆ, ಕರ್ಪೂರ ಹಾಕಿ ಇಟ್ಟಿದ್ದೆ. ಚಾ ಮಾತ್ರ ಕುಡೀಲೇಬೇಕು. ಇಲ್ಲದಿದ್ರೆ ನಂಗೆ ಮತ್ತೆ ಅನುಮಾನ ಬತ್ತದೆ.